ಕಡಸಿನ ಕೊರಳಿನ ಕಣಗಿಲೆ

ಚನ್ನರಾಯಪಟ್ಟಣ ಇನ್ನೇನು ಬಂತು ಅನ್ನುವಾಗ ಬಸ್ಸು ನಿಂತುಬಿಟ್ಟಿತು. ಹೈವೇ ನಡುವಿನ ಗಿಡಗಳನ್ನು ಸವರುತ್ತಿದ್ದರು. ತೆರೆದ ಕಿಟಕಿಯಿಂದ ಹಸಿ ಕಡ್ಡಿಯ ಕಹಿ ವಾಸನೆ ಒಳಗೆ ಬಂತು. ಮೂಗಿಗೆ ಬಡಿದ ಕೂಡಲೇ ಗುರುತು ಸಿಕ್ಕಿತು. ಕಣಗಿಲೆ. ಆ ಗಿಡ ಕಂಡರೆ ಮುಖ ತಿರುಗಿಸಿಕೊಂಡು ಓಡಾಡುವವಳು ನಾನು. ಆದರೆ ಹೈವೇ ಉದ್ದಕ್ಕೂ ಅದನ್ನೇ ನೆಟ್ಟಿದ್ದರೆ ಎಷ್ಟು ಅಂತ ಮುಖ ತಿರುಗಿಸುವುದು?

ಕತ್ತರಿಸಿದ ಕೊಂಬೆಗಳನ್ನು ರಸ್ತೆ ಬದಿಗೆ ರಾಶಿ ಹಾಕಿದ್ದರು. ಹಿಂದಿನ ದಿನದ್ದಿರಬೇಕು, ಎಲೆಯೆಲ್ಲ ಬಾಡಿ ಜೋತುಬಿದ್ದಿತ್ತು. ಒಂದು ಹಸು ಕತ್ತು ಚಾಚಿಕೊಂಡು ಆ ರಾಶಿಯ ಕಡೆಗೇ ನಡೆದು ಬರುತ್ತಿತ್ತು. ನನಗೆ ಏನಾಯಿತೋ, ಕಿಟಕಿಯಿಂದ ತಲೆ ಹೊರಗೆ ಹಾಕಿ ಕಿರುಚಿಕೊಂಡೆ. "ಓಡಿಸ್ರಿ! ಆ ಹಸೂನ ಓಡಿಸ್ರಿ ಆ ಕಡೆಗೆ!" ಬಸ್ಸಿನಲ್ಲಿದ್ದವರೆಲ್ಲ ಬೆಚ್ಚಿ ನನ್ನ ಕಡೆ ತಿರುಗಿದರು. ನಾನು ಚೀಲ ಹಿಡಿದುಕೊಂಡು ಇಳಿದೇಬಿಟ್ಟೆ.

ಕೊಂಬೆ ಎಳೆಯುತ್ತಿದ್ದ ಒಬ್ಬರು ನಗುತ್ತಾ ಹಸುವನ್ನು ಗದರಿಸಿ ಅಟ್ಟಿದರು. "ದನ ಕಣಗಿಲೆ ಮೂಸಿನೂ ನೋಡಲ್ಲ ಕಣಕ್ಕ. ಅದ್ಕೇ ಅಲ್ವಾ ಇದ್ನ ಇಲ್ಲಿ ಆಕಿರಾದು?"

ಅದೇ ಮಾತು, ಅದೇ ಧೈರ್ಯ. ಆ ಮಾತನ್ನು ನಾನು ಬೇರೊಂದು ಬಾಯಿಂದ ಎಷ್ಟು ಸಲ ಕೇಳಿದ್ದೆನೋ... ಅಲ್ಲೇ ರಸ್ತೆಬದಿಯ ಕಲ್ಲಿನ ಮೇಲೆ ಕುಳಿತೆ. ಹಾಸನದ ಬಸ್ಸು ನನ್ನನ್ನು ಬಿಟ್ಟು ಹೊರಟುಹೋಯಿತು.

ನಾವು ಹೊಳೆನರಸೀಪುರದಲ್ಲಿದ್ದಾಗ ಎದುರುಮನೆಯಲ್ಲಿ ಒಬ್ಬರು ಅತ್ತೆ ಇದ್ದರು. ರಕ್ತಸಂಬಂಧ ಏನೂ ಇಲ್ಲ, ಬಾಗಿಲಿಗೆ ಬಾಗಿಲು ಎದುರು, ಅಷ್ಟೇ ಸಂಬಂಧ. ಮಾವ ತೆಂಗಿನಕಾಯಿ ವ್ಯಾಪಾರ ಅಂತ ಚನ್ನರಾಯಪಟ್ಟಣಕ್ಕೆ ಓಡಾಡಿಕೊಂಡಿದ್ದರಿಂದ ಮನೆಯಲ್ಲಿದ್ದರೂ ಇಲ್ಲದ ಹಾಗೆ. ಅತ್ತೆಯದು ದೊಡ್ಡ ಬಾಯಿ. ಬೀದಿಯ ಈ ತುದಿಯಲ್ಲಿ ನಕ್ಕರೆ ಆ ತುದಿಯಲ್ಲಿ ಮಲಗಿದ್ದವರು ಎದ್ದು ಕೂರಬೇಕು. ನಮ್ಮ ಮನೆಯಲ್ಲಿ ಸಾರಿಗೆ ಒಗ್ಗರಣೆ ಬಿದ್ದರೆ ಅಲ್ಲಿಂದಲೇ ಕೂಗುತ್ತಿದ್ದರು: "ಏನೇ, ನಿಮ್ಮವ್ವ ಇವತ್ತೂ ಬಸ್ಸಾರೇನಾ?"

ಅವರ ಮನೆ ಮುಂದೆ ಒಂದು ಕಣಗಿಲೆ ಇತ್ತು. ಗುಲಾಬಿ ಬಣ್ಣದ್ದು, ಸುತ್ತು ಸುತ್ತಾಗಿ ಎಸಳು ತುಂಬಿದ ಜಾತಿ. ಅರಕಲಗೂಡಿನ ಕಡೆಯ ತವರಿನಿಂದ ಸೀರೆಯ ಸೆರಗಿನಲ್ಲಿ ಸುತ್ತಿ ತಂದ ಒಂದೇ ಒಂದು ಕಡ್ಡಿಯಿಂದ ಆದದ್ದಂತೆ. ಬೇಸಿಗೆಯಲ್ಲಿ ಬೀದಿಯ ಗಿಡಗಳೆಲ್ಲ ಸೊರಗಿ ನಿಂತಾಗ ಅದೊಂದು ಮಾತ್ರ ಹಸಿರಾಗಿ, ಮೈತುಂಬ ಹೂವು ಹೊತ್ತು ನಿಂತಿರುತ್ತಿತ್ತು. ಬೆಳಿಗ್ಗೆ ಪೂಜೆಗೆ ಹೂ ಕಿತ್ತುಕೊಳ್ಳಲು ಬರುವವರಿಗೆ ಅತ್ತೆ ಬೇಡ ಎನ್ನುತ್ತಿರಲಿಲ್ಲ, ಆದರೆ ಎಲೆ ಮುರಿದರೆ ಮಾತ್ರ ಬಾಯಿಗೆ ಬಂದಂತೆ ಬೈಯುತ್ತಿದ್ದರು.

ಸಾಕುವುದರಲ್ಲಿ ಅವರದೇ ಒಂದು ದಾರಿ. "ಇದ್ಕೆ ಜಾಸ್ತಿ ಮುದ್ದು ಮಾಡ್ಬಾರ್ದು ಕಣೇ. ನೀರು ಜಾಸ್ತಿ ಆದ್ರೆ ಬರೀ ಸೊಪ್ಪು ಬತ್ತದೆ, ಹೂವ ಬರಲ್ಲ. ಗಂಡುನ್ನ ಇಟ್ಕಂಡಂಗೆ ಇಟ್ಕಬೇಕು, ಅರ್ಧ ಒಟ್ಟೇಲಿ" ಎಂದು ಹೇಳಿ, ಮಾವ ಕೇಳಿಸಿಕೊಂಡರೋ ಇಲ್ಲವೋ ಎಂದು ಒಳಗೆ ಇಣುಕಿ ನೋಡುತ್ತಿದ್ದರು. ಎಲೆಯಡಿಗೆ ಬಿಳಿ ಹಿಟ್ಟಿನಂಥ ಹುಳು ಹತ್ತಿದರೆ ಸೋಪಿನ ನೀರಿನಲ್ಲಿ ಬಟ್ಟೆ ಅದ್ದಿ ಒಂದೊಂದೇ ಎಲೆ ಒರೆಸುತ್ತಿದ್ದರು. ಒಂದು ಸುತ್ತು ಹೂವಾಗಿ ಮುಗಿದ ಮೇಲೆ ಕುಡುಗೋಲು ತೆಗೆದುಕೊಂಡು ಸವರುತ್ತಿದ್ದರು. ಹಾಗೆ ಸವರಿದರೇ ಹೊಸ ಚಿಗುರಿನ ತುದಿಯಲ್ಲಿ ಗೊಂಚಲು ಬರುವುದು. ಆವತ್ತು ಕೈಗೆ ಹಳೆ ಬಟ್ಟೆ ಸುತ್ತಿಕೊಳ್ಳುತ್ತಿದ್ದರು. ಕಡ್ಡಿಗಳನ್ನು ಬಚ್ಚಲ ಒಲೆಗೆ ಹಾಕುತ್ತಿರಲಿಲ್ಲ, ಅದರ ಹೊಗೆಯೂ ಆಗದಂತೆ. ಹಿತ್ತಲಲ್ಲಿ ಗುಂಡಿ ತೋಡಿ ಹೂಳುತ್ತಿದ್ದರು. ಆಮೇಲೆ ಸೀಗೆಪುಡಿ ಹಾಕಿ ಕೈ ಉಜ್ಜಿ ಉಜ್ಜಿ ತೊಳೆಯುತ್ತಿದ್ದರು.

"ವಿಷ ಅಂತ ಗೊತ್ತಿದ್ದೂ ಮನೆ ಮುಂದೆ ಸಾಕ್ತೀರಲ್ಲ" ಎಂದು ಅಮ್ಮ ಗೊಣಗಿದರೆ ಅತ್ತೆ ಬಿಡುತ್ತಾರೆಯೇ? "ನೀನು ಅಡುಗೆಮನೇಲಿ ಈಳಿಗೆಮಣೆ ಇಟ್ಕಂಡಿಲ್ವಾ?" ಎನ್ನುತ್ತಿದ್ದರು.

ದನದ ವಿಷಯದಲ್ಲಿ ಮಾತ್ರ ಅವರಿಗೆ ಯಾವ ಭಯವೂ ಇರಲಿಲ್ಲ. ನಮ್ಮ ಕಡೆ ಯಾರಿಗೂ ಇರಲಿಲ್ಲ. ಹೊಲಕ್ಕೆ, ಮನೆಗೆ ಕಣಗಿಲೆ ಬೇಲಿ ಹಾಕುವುದೇ ದನ ಬಾಯಿ ಹಾಕುವುದಿಲ್ಲ ಎಂಬ ಕಾರಣಕ್ಕೆ. ದಿನಾ ಬೀದಿಯಲ್ಲಿ ಹೋಗುವ ದನಗಳು ಆ ಗಿಡವನ್ನು ಮೂಸಿ, ಮೂತಿ ತಿರುಗಿಸಿ ಮುಂದೆ ಹೋಗುವುದನ್ನು ನಾನೇ ನೋಡಿದ್ದೆ.

ನಮ್ಮ ಪಕ್ಕದ ಮನೆ ಹಾಲಿನಕ್ಕನದು. ಒಂದು ಹಸು, ಇನ್ನೂ ಕರು ಹಾಕದ ಅದರ ಮಗಳು ಒಂದು ಕಡಸು, ಅಷ್ಟೇ ಅವರ ಸಂಪತ್ತು. ಆ ಹಸುವಿನ ಹಾಲಿನಲ್ಲೇ ಮನೆ ನಡೆಯುತ್ತಿತ್ತು. ಹಾಲಿನಕ್ಕನಿಗೂ ಅತ್ತೆಗೂ ಎಂಥ ಸ್ನೇಹವೆಂದರೆ, ಬೀದಿಯವರ ಕಾಫಿಯೆಲ್ಲ ಅದರಿಂದ ತಡವಾಗುತ್ತಿತ್ತು. ಹಾಲಿನ ಕ್ಯಾನು ಪಕ್ಕಕ್ಕಿಟ್ಟು ಅತ್ತೆಯ ಜಗಲಿಯ ಮೇಲೆ ಕುಳಿತರೆಂದರೆ ಮುಗಿಯಿತು. ನಮ್ಮಮ್ಮ ಖಾಲಿ ಪಾತ್ರೆ ಹಿಡಿದುಕೊಂಡು ಬಾಗಿಲಲ್ಲಿ ನಿಂತು ಕೆಮ್ಮಬೇಕು, ಆಗ ಹಾಲಿನಕ್ಕ ಏಳಬೇಕು. ಹಸು ಕೂಡ ಮೇಯಲು ಹೋಗುವಾಗ ಅತ್ತೆಯ ಬಾಗಿಲಲ್ಲಿ ತಾನಾಗಿ ನಿಲ್ಲುತ್ತಿತ್ತು. ಅತ್ತೆ ಬಾಳೆಹಣ್ಣಿನ ಸಿಪ್ಪೆ, ಕಲಗಚ್ಚು ಕೊಟ್ಟು ಅದರ ಹಣೆ ಕೆರೆದು ಕಳಿಸಿದರೇ ಮುಂದಿನ ಹೆಜ್ಜೆ.

ಸಂಕ್ರಾಂತಿಗೆ ದನಗಳಿಗೆ ಚೆಂಡುಹೂವಿನ ಹಾರ ಹಾಕುವುದು ನಮ್ಮ ಬೀದಿಯ ರೂಢಿ. ಆ ವರ್ಷ ಮಂಜು ಬಿದ್ದು ಚೆಂಡುಹೂವೆಲ್ಲ ಕಪ್ಪಾಗಿ ಕೊಳೆತುಹೋಗಿತ್ತು. ಹಾಲಿನಕ್ಕ ಬೇಜಾರು ಮಾಡಿಕೊಂಡರು. "ಚೆಂಡೂವೇ ಯಾಕೆ ಬೇಕು? ನನ್ನ ಗಿಡ ಹೂವಿನ ಭಾರಕ್ಕೆ ಬಗ್ಗೋಗೈತೆ" ಎಂದು ಅತ್ತೆ ಬೆಳಿಗ್ಗೆಯೇ ಬುಟ್ಟಿ ಹಿಡಿದು ಕುಳಿತರು. ಬರೀ ಹೂವಾದರೆ ತೆಳ್ಳಗೆ ಕಾಣುತ್ತದೆಂದು ನಡುನಡುವೆ ಎಲೆ ಸೇರಿಸಿ, ತೋಳಿನ ಗಾತ್ರದ ಎರಡು ಹಾರ ಕಟ್ಟಿದರು. ಹಸುವಿಗೂ ಕಡಸಿಗೂ ಮೈ ತೊಳೆದು, ಅರಿಶಿನ ಬಳಿದು, ಕೊಂಬಿಗೆ ಬಣ್ಣ ಹಚ್ಚಿಯಾಗಿತ್ತು. ಅತ್ತೆಯೇ ಕೊರಳಿಗೆ ಹಾರ ಹಾಕಿದರು. "ಮದುವಣಗಿತ್ತೀರೇ ಸರಿ ಕಣೇ" ಎಂದು ಹಾಲಿನಕ್ಕ ಕಣ್ಣು ತುಂಬ ನೋಡಿ, ದೃಷ್ಟಿಯಾದೀತೆಂದು ನೆಟಿಗೆ ಮುರಿದರು. ಆಮೇಲೆ ಎರಡನ್ನೂ ಕೊಟ್ಟಿಗೆಯಲ್ಲಿ ಅಕ್ಕಪಕ್ಕ ಕಟ್ಟಿದರು. ಸಂಜೆ ಬೀದಿಯಲ್ಲಿ ಕಿಚ್ಚು ಹಾಯಿಸುವವರೆಗೆ ಅವು ಅಲ್ಲೇ ಇರಬೇಕಿತ್ತು.

ಹಾರ ಹಾಕಿದವರೇ ಅತ್ತೆ ನೇರ ನಮ್ಮ ಅಡುಗೆಮನೆಗೆ ಬಂದರು. ಮಧ್ಯಾಹ್ನವೆಲ್ಲ ಅಮ್ಮನ ಜೊತೆ ಎಳ್ಳುಬೆಲ್ಲ ಬೆರೆಸುವುದು, ಕಬ್ಬು ಕತ್ತರಿಸುವುದು, ಒಬ್ಬಟ್ಟಿನ ಕೆಲಸ. ಮಿಕ್ಸಿ ಸದ್ದು, ಇವರಿಬ್ಬರ ಮಾತಿನ ಸದ್ದು. ನಾನು ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದೆ. ಆಗ ಪಕ್ಕದ ಕೊಟ್ಟಿಗೆಯಿಂದ ಹಾಲಿನಕ್ಕನ ಕೂಗು ಕೇಳಿಸಿತು.

ನಾನು ಓಡಿ ಹೋಗಿ ನೋಡಿದ್ದನ್ನು ಹೇಗೆ ಹೇಳಲಿ... ಹಸು ಪಕ್ಕಕ್ಕೆ ಬಿದ್ದಿತ್ತು. ಬಾಯಲ್ಲಿ ನೊರೆ. ಕಾಲು ಅದರುತ್ತಿತ್ತು. ಕೆಂಪು ಹಸಿರು ಬಣ್ಣ ಹಚ್ಚಿದ ಕೊಂಬು ನೆಲಕ್ಕೆ ಬಡಿದುಕೊಳ್ಳುತ್ತಿತ್ತು. ಕಣ್ಣು ನನ್ನ ಕಡೆಗೇ ಇತ್ತು. ಹಾಲಿನಕ್ಕ ಎದೆ ಬಡಿದುಕೊಳ್ಳುತ್ತಾ, "ಹಾವು ಮುಟ್ತು! ದೇವ್ರಾಣೆ ನಾನೇ ನೋಡ್ದೆ, ಗ್ವಾಡೆ ಸಂದಿಗೆ ಓಯ್ತು!" ಎಂದು ಕೂಗುತ್ತಿದ್ದರು. ಅವರ ಗಂಡ ಹಾರೆ ತಂದು ಕಲ್ಲುಗೋಡೆ ಕೀಳಲು ಶುರುಮಾಡಿದರು. ಬೀದಿಯ ಗಂಡಸರೆಲ್ಲ ದೊಣ್ಣೆ ಹಿಡಿದು ಬಂದರು.

ನಾನು ನಮ್ಮ ಮನೆಗೆ ಓಡಿ, ಹಿಟ್ಟಿನ ಕೈಯಲ್ಲಿದ್ದ ಅತ್ತೆಯನ್ನು ಎಳೆದುಕೊಂಡು ಬಂದೆ. ನಾವು ಬರುವಷ್ಟರಲ್ಲಿ ಹಸುವಿನ ಪ್ರಾಣ ಹೋಗಿತ್ತು. ಯಾರೋ ಒಬ್ಬರು ಗೋಡೆಯ ಸಂದಿಗೆ ಕೈ ಹಾಕಿ ಹಾವು ಹುಡುಕುತ್ತಿದ್ದರು. ಅತ್ತೆ ಹಸುವನ್ನು ನೋಡಿದರು. ಆಮೇಲೆ ಪಕ್ಕದಲ್ಲಿ ನಡುಗುತ್ತಾ ನಿಂತಿದ್ದ ಕಡಸನ್ನು ನೋಡಿದರು. ಕಡಸಿನ ಕೊರಳಲ್ಲಿ ಹಾರ ಇರಲಿಲ್ಲ. ಬರೀ ದಾರ ಇತ್ತು, ಅದಕ್ಕೆ ಸಿಕ್ಕಿಕೊಂಡ ಬಾಡಿದ ಒಂದೆರಡು ಹೂವು.

ಅತ್ತೆ ಹತ್ತಿರ ಹೋಗಿ ಆ ದಾರ ಮುಟ್ಟಿ ನೋಡಿದರು.

"ಕೈ ತಗೀರಪ್ಪ ಈಚೆಗೆ" ಎಂದರು. ಅವರ ದನಿ ಅವರದೇ ಅಂತ ಅನಿಸಲಿಲ್ಲ. "ಹಾವಲ್ಲ. ನನ್ನ ಹೂವ. ಕಡಸಿನ ಕೊರ್ಳಲ್ಲಿದ್ದ ಹಾರ ತಿಂದೈತೆ ಅಸ."

ಗೋಡೆಯ ಸಂದಿಗೆ ಕೈ ಹಾಕಿದ್ದವರು ಈಚೆಗೆ ತೆಗೆದರು. ಆಮೇಲೆ ಒಬ್ಬರು, "ದನ ಎಲ್ಲಾದ್ರೂ ಕಣಗಿಲೆ ತಿಂತದಾ?" ಎಂದರು. "ಬಾಡಿದ್ ಮ್ಯಾಲೆ ತಿಂದೈತೆ, ನೋಡಿ" ಎಂದು ಅತ್ತೆ ದಾರ ಎತ್ತಿ ತೋರಿಸಿದರು. ಹಾಲಿನಕ್ಕನ ಗಂಡ ಹಾರೆ ಕೆಳಗಿಟ್ಟು ಹೆಂಡತಿಯ ಕಡೆ ತಿರುಗಿದರು. "ದೇವ್ರಾಣೆ ಹಾವು ನೋಡ್ದೆ ಅಂದ್ಯಲ್ಲೇ?" ಹಾಲಿನಕ್ಕ ಅತ್ತೆಯನ್ನು ನೋಡಿದರು, ಎಂಥ ನೋಟ ಅದು! ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಮರುದಿನ ಪಶುಗಳ ಡಾಕ್ಟರು ಬಂದು ಅತ್ತೆ ಹೇಳಿದ್ದನ್ನೇ ಹೇಳಿದರು. ಹಸಿ ಎಲೆ ಕಹಿ, ಅದಕ್ಕೆ ದನ ಬಿಡುತ್ತದೆ. ಬಾಡಿದರೆ ಆ ಕಹಿ ಅಷ್ಟು ತಿಳಿಯುವುದಿಲ್ಲ, ವಿಷ ಮಾತ್ರ ಹಾಗೇ ಇರುತ್ತದೆ. ಇಡೀ ಬೀದಿ ಬೆಪ್ಪಾಗಿ ಕೇಳಿಸಿಕೊಂಡಿತು. ಹಬ್ಬದ ಸಂಜೆ ನಮ್ಮ ಬೀದಿಯಲ್ಲಿ ಯಾರೂ ಕಿಚ್ಚು ಹಾಯಿಸಿರಲಿಲ್ಲ. ತಂದಿಟ್ಟ ಹುಲ್ಲು ಅಲ್ಲೇ ಇಬ್ಬನಿಯಲ್ಲಿ ನೆನೆಯುತ್ತಾ ಬಿದ್ದಿತ್ತು.

ಡಾಕ್ಟರು ಬಂದುಹೋದ ದಿನವೇ ಅತ್ತೆ ಗಿಡ ಕಡಿದರು. ಯಾರನ್ನೂ ಕರೆಯಲಿಲ್ಲ, ಕೈಗೆ ಬಟ್ಟೆಯನ್ನೂ ಸುತ್ತಿಕೊಳ್ಳಲಿಲ್ಲ. ಒಂದೊಂದೇ ಎಲೆ ಒರೆಸಿ ಸಾಕಿದ ಕೈ ಕೊಡಲಿ ಬೀಸುವುದನ್ನು ನಮ್ಮ ಬಾಗಿಲಲ್ಲಿ ನಿಂತು ನೋಡಿದೆ. ಆದರೆ ಕಣಗಿಲೆ ಅಷ್ಟು ಸುಲಭಕ್ಕೆ ಸಾಯುವ ಗಿಡವಲ್ಲ. ಮೊದಲ ಮಳೆಗೆ ಬುಡದಿಂದ ಕೆಂಪು ಚಿಗುರು ಎದ್ದಿತು. ಅತ್ತೆ ಚಿವುಟಿದರು. ಮತ್ತೆ ಬಂತು. ಕುದಿಯುವ ನೀರು ಸುರಿದರು, ಉಪ್ಪು ಸುರಿದರು. ಆ ಕಡೆ ಸತ್ತರೆ ಈ ಕಡೆ ಮೊಳೆಯಿತು. ಕೊನೆಗೆ ಹಾರೆ ಹಿಡಿದು ಬೇರನ್ನು ಅಗೆದು ಅಗೆದು ತೆಗೆದರು. ಸಾಕಿದ್ದು ಅಷ್ಟು ಚೆನ್ನಾಗಿ, ಅದು ಬೇರು ಬಿಟ್ಟಿದ್ದೂ ಅಷ್ಟೇ ಆಳಕ್ಕೆ.

ಅಷ್ಟಕ್ಕೇ ಬಿಡಲಿಲ್ಲ. ವರ್ಷಗಳಿಂದ ಯಾರ್ಯಾರಿಗೆ ಕಡ್ಡಿ ಕೊಟ್ಟಿದ್ದರೋ ಅವರ ಮನೆಗಳಿಗೆಲ್ಲ ಹೊರಟರು. ಅರಕಲಗೂಡಿಗೆ ನನ್ನನ್ನೂ ಕರೆದುಕೊಂಡು ಹೋದರು. ಕಿಟಕಿಯಾಚೆ ಜೋಳ, ಶುಂಠಿ, ಹೊಗೆಸೊಪ್ಪು... ಅತ್ತೆಯ ಕಣ್ಣು ಮಾತ್ರ ದಾರಿಯುದ್ದಕ್ಕೂ ಬೇಲಿಗಳ ಮೇಲೇ ಇತ್ತು. ಅವರ ಚಿಕ್ಕಮ್ಮನ ಮಗಳ ಮನೆ ಮುಂದೆ ಅದೇ ಕಣಗಿಲೆ ಸೂರಿನ ಎತ್ತರ ಬೆಳೆದಿತ್ತು. ಬುಡದಲ್ಲೇ ಆಡು ಕಟ್ಟಿದ್ದರು. ಅತ್ತೆ ಚಪ್ಪಲಿ ಬಿಡುವ ಮೊದಲೇ ಆಡನ್ನು ಬಿಚ್ಚಿ ದೂರ ಎಳೆದುಕೊಂಡು ಹೋದರು.

"ಅಕ್ಕಯ್ಯ, ನಿಂಗೇನ್ ತಲೆ ಕೆಟ್ಟದಾ? ಊರ್ ತುಂಬ ಇದೇ ಬೇಲಿ" ಎಂದು ಆ ತಂಗಿ ನಕ್ಕರು.

"ಬೇಲಿ ಇದ್ರೆ ಇರ್ಲಿ. ಕಡ್ಡಿ ಕುಯ್ದಾಗ ಹೂಳವ್ವ. ಬಾಡಾಕೆ ಬುಡಬ್ಯಾಡ. ಅಷ್ಟು ಮಾತು ಕೊಡು ನಂಗೆ" ಎಂದು ಅತ್ತೆ ಆಕೆಯ ಕೈ ಹಿಡಿದುಕೊಂಡರು. ಆ ದೊಡ್ಡ ಬಾಯಿಯ ಅತ್ತೆ ಹಾಗೆ ಗೋಗರೆಯುವುದನ್ನು ನೋಡಲಾಗದೆ ನಾನು ಹೊರಗೆ ಬಂದುಬಿಟ್ಟೆ.

ಊರಿನ ಮನೆಗಳಿಗೆಲ್ಲ ಹೋದ ಅತ್ತೆಗೆ ನಮ್ಮ ಪಕ್ಕದ ಮನೆಗೆ ಮಾತ್ರ ಹೋಗಲಾಗಲಿಲ್ಲ. ಬೇರೆ ಹಸು ಕೊಡಿಸುತ್ತೇವೆಂದು ಮಾವನನ್ನು ಕಳಿಸಿದ್ದರು. ಹಾಲಿನಕ್ಕನ ಗಂಡ ಬೇಡವೆಂದು ಬಾಗಿಲಲ್ಲೇ ಕಳಿಸಿದರು. ಕಡಸು ದೊಡ್ಡದಾಗಿ ಕರು ಹಾಕಿದ ಮೇಲೆ ಬೀದಿಗೆಲ್ಲ ಮತ್ತೆ ಹಾಲು ಬಂತು, ಅತ್ತೆಯ ಮನೆಯೊಂದನ್ನು ಬಿಟ್ಟು. ಬೀದಿಯಲ್ಲಿ ಇಬ್ಬರೂ ಎದುರಾದರೆ ಅತ್ತೆ ತಲೆ ಬಗ್ಗಿಸಿಕೊಂಡು ನಿಂತುಬಿಡುತ್ತಿದ್ದರು. ಹಾಲಿನಕ್ಕ ಗೋಡೆಯ ಪಕ್ಕ ಹೋಗುವಂತೆ ಹೋಗಿಬಿಡುತ್ತಿದ್ದರು. ಅತ್ತೆಯ ನಗು ಆಮೇಲೆ ನನಗೆ ಕೇಳಿಸಲೇ ಇಲ್ಲ. ನನಗೋ ಸಿಟ್ಟು ಮೂಗಿನ ತುದಿಯಲ್ಲಿ. ನಿಜ ಹೇಳಿದ್ದಕ್ಕೆ ಇಷ್ಟು ಶಿಕ್ಷೆಯೇ, ಇವರದು ಎಂಥ ಕಲ್ಲೆದೆ ಎಂದು ಹಾಲಿನಕ್ಕನನ್ನು ಕಂಡರೆ ಒಳಗೊಳಗೇ ಕುದಿಯುತ್ತಿದ್ದೆ.

ನಾನು ಮದುವೆಯಾಗಿ ಹಾಸನಕ್ಕೆ ಬಂದೆ. ಅಪ್ಪ ಹೋದ ಮೇಲೆ ಅಮ್ಮನೂ ನನ್ನ ಜೊತೆಗೇ ಬಂದರು. ಅತ್ತೆ ತೀರಿಕೊಂಡ ಸುದ್ದಿ ಬಂದಾಗ ಹೋಗಿದ್ದೆ. ಜಗಲಿಯ ಮೇಲೆ ಮಲಗಿಸಿದ್ದರು, ಊರಿನವರೆಲ್ಲ ಬಂದಿದ್ದರು. ಹಾಲಿನಕ್ಕ ತಮ್ಮ ಬಾಗಿಲಲ್ಲೇ ಕಂಬ ಹಿಡಿದು ನಿಂತಿದ್ದರು. ಬೀದಿ ದಾಟಿ ಬರಲಿಲ್ಲ. ಸತ್ತ ಮೇಲೂ ಇವರ ಹಟ ಇಳಿಯಲಿಲ್ಲವೇ ಎಂದು ನನ್ನ ಮೈಯೆಲ್ಲ ಉರಿಯಿತು.

ಆ ಉರಿಯೆಲ್ಲ ಚನ್ನರಾಯಪಟ್ಟಣದ ರಸ್ತೆಬದಿಯಲ್ಲಿ ಮತ್ತೆ ಎದ್ದಿತು. ಬಸ್ ಸ್ಟ್ಯಾಂಡಿಗೆ ಹೋಗಿ ಹೊಳೆನರಸೀಪುರದ ಬಸ್ಸು ಹತ್ತಿದೆ. ಸುಳ್ಳು ಯಾಕೆ ಹೇಳಲಿ, ಜಗಳವಾಡಲೆಂದೇ ಹೋದೆ.

ಹಾಲಿನಕ್ಕ ಮನೆ ಮುಂದೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು. ಗಂಡ ಇಲ್ಲ, ದನ ಇಲ್ಲ, ಕೊಟ್ಟಿಗೆ ಇದ್ದ ಜಾಗದಲ್ಲಿ ಮಗನ ಬೈಕು ನಿಂತಿತ್ತು. ನನ್ನ ಗುರುತು ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. ನಾನು ಹೈವೇಯ ಹಸುವಿನ ಕತೆ ಹೇಳಿದೆ. ಅದೇ ಉಸಿರಿನಲ್ಲಿ ಕೇಳಿಯೂಬಿಟ್ಟೆ: "ಅಕ್ಕ, ಆಗಿದ್ದು ಆಗೋಯ್ತು. ಒಂದೇ ಒಂದು ದಿನ ಅತ್ತೇನ ಮಾತಾಡಿಸಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

ಅವರ ಕೈ ನಿಂತಿತು.

"ನಿಂಗೇನ್ ಗೊತ್ತವ್ವ... ಅಸ ಬಿದ್ದುದ್ನ ಮೊದ್ಲು ನೋಡ್ದೋಳು ನಾನು. ಬಾಯಿಗೆ ಬೆರಳಾಕಿ ಎಳುದ್ರೆ ಕಣಗಿಲೆ ಎಲೆ, ಒಂದು ಹಿಡಿ. ನನ್ನೆದೆ ನಿಂತೋಯ್ತು. ನಮ್ಮೆಜಮಾನ್ರ ಸಿಟ್ಟು ನಿಂಗೊತ್ತಲ್ಲ, ಅವಳ ಮನೆ ಮುಂದೆ ಓಗಿ ಏನ್ ಮಾಡ್ಬುಡ್ತಿದ್ರೋ ಏನೋ. ತಿಪ್ಪೆಗೆಸ್ದು ಮ್ಯಾಲೆ ಸಗಣಿ ಎಳ್ದೆ. ಆಮೇಲೆ ಕೂಗ್ಕಂಡೆ, ಹಾವು ಅಂತ. ದೇವ್ರ ಮೇಲೆ ಆಣೆ ಇಟ್ಟು ಸುಳ್ಳೇಳ್ದೆ ಕಣವ್ವ, ಅವಳಿಗೋಸ್ಕರ."

ಇಷ್ಟು ವರ್ಷ ಇದೊಂದು ನನ್ನ ತಲೆಗೆ ಹೊಳೆದೇ ಇರಲಿಲ್ಲ.

"ಅದ್ನ ಅವಳು ನೋಡಿದ್ಲು" ಎಂದರು ಹಾಲಿನಕ್ಕ, ಎದುರುಮನೆಯ ಕಡೆ ಕೈ ತೋರಿಸಿ. "ತಿಪ್ಪೆಗೆ ಎಸಿಬೇಕಾದ್ರೆ ತಲೆ ಎತ್ತಿದ್ರೆ, ಅಲ್ಲಿ ಜಗ್ಲಿ ಮ್ಯಾಲೆ ನಿಂತಿದ್ಲು. ಅವಳ ಹಸಿರು ಸೀರೆ ಕಾಣುಸ್ತು ನಂಗೆ. ನೋಡಿನೂ ನೋಡಿನೂ ಬಂದು ಎಲ್ರ ಮುಂದೆ ನನ್ನ ಸುಳ್ಳಿ ಮಾಡುದ್ಲು. ನಾನ್ ಮುಚ್ಚಿದ್ನ ಅವಳು ಬಿಚ್ಚುದ್ಲು. ಸುಳ್ಳಾಣೆ ಇಟ್ಟೋಳು ಅಂತ ನಮ್ಮೆಜಮಾನ್ರು ಬದುಕಿರಗಂಟ ಅಂದು ಅಂದು ತಿಂದ್ರು ನನ್ನ. ಅಸ ಓದುದ್ಕಲ್ಲ ಕಣವ್ವ ನಾನ್ ಮಾತು ಬುಟ್ಟಿದ್ದು."

"ಅಕ್ಕ... ಅತ್ತೆ ಜಗಲಿ ಮೇಲೆ ಇರ್ಲಿಲ್ಲ" ಎಂದೆ. "ಮಧ್ಯಾಹ್ನದಿಂದ ನಮ್ಮ ಅಡುಗೆಮನೇಲಿದ್ರು. ನೀವು ಕೂಗ್ಕಂಡ ಮೇಲೆ ನಾನೇ ಕರ್ಕೊಂಡು ಬಂದಿದ್ದು, ಒಬ್ಬಟ್ಟಿನ ಹಿಟ್ಟು ಕೈಯಲ್ಲೇ ಇತ್ತು. ಆ ಹಸಿರು ಸೀರೆ ಬೆಳಿಗ್ಗೆ ಒಗೆದು ಜಗಲಿ ಹಗ್ಗದ ಮೇಲೆ ಹಾಕಿದ್ದು. ಸಂಜೆ ಅದನ್ನ ಮಡಿಸಿ ಒಳಗಿಟ್ಟವಳು ನಾನು."

ಹಾಲಿನಕ್ಕ ನನ್ನನ್ನೇ ನೋಡಿದರು.

"ನೋಡಿರ್ನಿಲ್ವಾ?"

"ಇಲ್ಲ ಅ‍ಕ್ಕ."

"ಅಂಗಾದ್ರೆ... ನನ್ನ ಕಂಡ್ರೆ ತಲೆ ಬಗ್ಗುಸ್ತಿದ್ದುದು?"

"ನಿಮ್ಮ ಹಸು ಕೊಂದೆ ಅಂತ. ಅಷ್ಟೇ. ನೀವು ಅವರನ್ನ ಉಳಿಸೋಕೆ ನೋಡಿದ್ರಿ ಅಂತ ಅವರಿಗೆ ಗೊತ್ತೇ ಇರ್ಲಿಲ್ಲ."

ಮಡಿಲಿನಲ್ಲಿದ್ದ ಅವರೆಕಾಯಿಯೆಲ್ಲ ನೆಲಕ್ಕೆ ಚೆಲ್ಲಿತು. ಹಾಲಿನಕ್ಕ ಎದ್ದು ನಿಂತಿದ್ದರು. ಗೋಡೆ ಹಿಡಿದು ಮೆಟ್ಟಿಲಿಳಿದು, ಬರಿಗಾಲಲ್ಲಿ ಬೀದಿ ದಾಟಿ ನಡೆದರು. ನಾನು ಹಿಂದೆಯೇ ಓಡಿದೆ. ಅವರು ಎದುರುಮನೆಯ ಜಗಲಿ ಹತ್ತಿ, ಎರಡೂ ಅಂಗೈಯಿಂದ ಬಾಗಿಲು ಬಡಿದರು. "ಏಯ್, ಬಾರೇ ಈಚೆಗೆ" ಎಂದು ಕೂಗಿದರು. "ಬಾರೇ, ಒಂದು ಮಾತೈತೆ."

ಮಾವ ಮನೆ ಮಾರಿ ಊರು ಬಿಟ್ಟು ಎಷ್ಟೋ ಕಾಲವಾಗಿತ್ತು. ಬಾಗಿಲು ತೆರೆದವಳು ಯಾರೋ ಸಣ್ಣ ವಯಸ್ಸಿನ ಹೆಂಗಸು, ಕಂಕುಳಲ್ಲಿ ಮಗು. ಏದುಸಿರು ಬಿಡುತ್ತಾ ನಿಂತ ಹಾಲಿನಕ್ಕನನ್ನೂ ನನ್ನನ್ನೂ ನೋಡಿದಳು.

"ಯಾರ್ ಬೇಕಿತ್ತು ಅಜ್ಜಿ?" ಎಂದಳು.